ಲಿಂಡಿ ಹಾಪ್ ಖಾಸಗಿ ಪಾಠಗಳು: ಎರಡು ವರ್ಷಗಳ ಬಳಕೆಯ ನಂತರ

ನ್ಯೂಯಾರ್ಕಿನಲ್ಲಿ ಲಿಂಡಿ ಹಾಪ್ ನೃತ್ಯ ಕಲಿಯುತ್ತಿರುವ ನಾನು ಗುಂಪು ತರಗತಿಗಳ ಜೊತೆಗೆ ಖಾಸಗಿ ಪಾಠಗಳಿಗೂ ಹೋಗಲು ಆರಂಭಿಸಿ ಎರಡು ವರ್ಷಗಳ ಮೇಲಾಯಿತು. ತೆತ್ತ ಹಣ ಸಾರ್ಥಕವಾಯಿತೇ ಎಂದು ಕೇಳಿದರೆ ಹೌದೆಂದೇ ಹೇಳುತ್ತೇನೆ. ಆದರೆ ಯಾವ ಕಾರಣಕ್ಕೆ, ಯಾರಿಗೆ ಸಾರ್ಥಕ ಎಂಬುದನ್ನು ಸ್ವಲ್ಪ ವಿವರವಾಗಿಯೇ ಬರೆಯಬೇಕು. ಗುಂಪಿನಲ್ಲಿ ಕಲಿಸುವುದನ್ನೇ ಒಬ್ಬರಿಗೆ ಬೇಗ ಬೇಗ ಕಲಿಸುವುದು ಖಾಸಗಿ ಪಾಠವೆಂದು ಭಾವಿಸಿ ಹೋದವರಿಗೆ ನಿರಾಶೆಯಾಗುವ ಸಂಭವವೇ ಹೆಚ್ಚು.

ಈ ನೃತ್ಯದ ಪರಿಚಯವಿಲ್ಲದವರಿಗಾಗಿ ಎರಡು ಮಾತು. ಲಿಂಡಿ ಹಾಪ್ 1920ರ ದಶಕದ ಕೊನೆಯಲ್ಲಿ ನ್ಯೂಯಾರ್ಕಿನ ಹಾರ್ಲೆಮ್‌ನ ಆಫ್ರಿಕನ್ ಅಮೆರಿಕನ್ ಯುವಜನರ ನಡುವೆ ಹುಟ್ಟಿ, ಲೆನಾಕ್ಸ್ ಅವೆನ್ಯೂದಲ್ಲಿ 1926ರಿಂದ 1958ರವರೆಗೆ ನಡೆದ ಸವಾಯ್ ಬಾಲ್‌ರೂಮ್‌ನಲ್ಲಿ ಬೆಳೆದ ಜೋಡಿ ನೃತ್ಯ. ಒಬ್ಬರು ಲೀಡ್ ಮಾಡುತ್ತಾರೆ, ಅಂದರೆ ಚಲನೆಯನ್ನು ಸೂಚಿಸುತ್ತಾರೆ; ಇನ್ನೊಬ್ಬರು ಫಾಲೋ ಮಾಡುತ್ತಾರೆ, ಅಂದರೆ ಅದನ್ನು ಅನುಸರಿಸುತ್ತಾರೆ. ನಾನು ಫಾಲೋ ಮಾಡುವವಳು. ಮೊದಲೇ ಹೆಣೆದಿಟ್ಟ ಕ್ರಮವಿಲ್ಲ. ಮುಂದಿನ ಎಣಿಕೆಯಲ್ಲಿ ಏನಾಗುತ್ತದೆ ಎಂಬುದು ಸಂಗೀತವನ್ನೂ ಎದುರಿನವರ ದೇಹವನ್ನೂ ಅನುಸರಿಸಿ ಆ ಕ್ಷಣದಲ್ಲೇ ನಿರ್ಧಾರವಾಗುತ್ತದೆ.

ಗುಂಪು ತರಗತಿಯ ಕೊರತೆ ಇರುವುದು ಇಲ್ಲಿಯೇ. ತರಗತಿಯಲ್ಲಿ ಶಿಕ್ಷಕರು ಒಂದು ಚಲನೆಯನ್ನು ತೋರಿಸುತ್ತಾರೆ, ಎಲ್ಲರೂ ವೃತ್ತಾಕಾರವಾಗಿ ನಿಂತು ಕೆಲವು ನಿಮಿಷಗಳಿಗೊಮ್ಮೆ ಜೊತೆಗಾರರನ್ನು ಬದಲಿಸುತ್ತ ಅದನ್ನೇ ಅಭ್ಯಾಸ ಮಾಡುತ್ತಾರೆ. ಮುಂದೆ ಬರುವುದು ಏನೆಂದು ಫಾಲೋ ಮಾಡುವವರಿಗೆ ಮೊದಲೇ ಗೊತ್ತಿರುತ್ತದೆ. ಗೊತ್ತಿರುವುದನ್ನು ಮಾಡಲು ಯಾರನ್ನೂ ಅನುಸರಿಸಬೇಕಾಗಿಲ್ಲವಾದ್ದರಿಂದ, ವರ್ಷಗಟ್ಟಲೆ ತರಗತಿಗೆ ಹೋದರೂ ಹೆಜ್ಜೆಗಳು ಹೆಚ್ಚುತ್ತವೆಯೇ ಹೊರತು ಅನುಸರಿಸುವ ಶಕ್ತಿ ಅದೇ ಪ್ರಮಾಣದಲ್ಲಿ ಬೆಳೆಯುವುದಿಲ್ಲ. ಇದು ಶಿಕ್ಷಕರ ದೋಷವಲ್ಲ, ಗುಂಪು ಪಾಠದ ಸ್ವರೂಪವೇ ಅಂಥದ್ದು. ನಾನು ಖಾಸಗಿ ಪಾಠ ಹುಡುಕಿಕೊಂಡು ಹೋದದ್ದು ಈ ಒಂದು ಕಾರಣಕ್ಕಾಗಿ.

ನನ್ನ ಈಗಿನ ಶಿಕ್ಷಕಿ ಮೊದಲ ಕೆಲವು ಪಾಠಗಳಲ್ಲಿ ಹೊಸದೇನನ್ನೂ ಕಲಿಸಲಿಲ್ಲ. ಈ ನೃತ್ಯದ ಬೆನ್ನೆಲುಬಾದ, ಫಾಲೋ ಮಾಡುವವರು ಹತ್ತಿರ ಬಂದು ಸುತ್ತಿ ಮತ್ತೆ ಹೊರಗೆ ಹೋಗುವ ಎಂಟು ಎಣಿಕೆಯ ಸ್ವಿಂಗ್‌ಔಟ್ ಒಂದನ್ನೇ ಅವರು ಮತ್ತೆ ಮತ್ತೆ ಲೀಡ್ ಮಾಡಿದರು. ಅದರ ಜೊತೆಗೆ ಯಾವ ಸೂಚನೆಯನ್ನೂ ಕೊಡದೆ ನಡುನಡುವೆ ಲಿಂಡಿ ಸರ್ಕಲ್ ಸೇರಿಸಿದರು. ಇವೆರಡೂ ನಾಲ್ಕನೆಯ ಎಣಿಕೆಯವರೆಗೆ ಒಂದೇ ರೀತಿ ಸಾಗುತ್ತವೆ. ಐದರಲ್ಲಿ ನನ್ನ ಬೆನ್ನಿನ ಮೇಲಿನ ಅವರ ಕೈ ಸಡಿಲವಾದರೆ ಹೊರಗೆ ಹೋಗಬೇಕು, ಹಾಗೆಯೇ ಉಳಿದರೆ ಜೊತೆಯಲ್ಲೇ ಸುತ್ತಬೇಕು. ಕೇಳುವಾಗ ಸುಲಭವೆನಿಸುವ ಈ ವ್ಯತ್ಯಾಸ ನನ್ನ ದೇಹಕ್ಕೆ ತಿಳಿಯುತ್ತಲೇ ಇರಲಿಲ್ಲ, ಏಕೆಂದರೆ ನಾಲ್ಕು ಮುಗಿಯುವ ಮೊದಲೇ ನನ್ನ ಭಾರ ಹೊರಮುಖವಾಗಿ ವಾಲಿರುತ್ತಿತ್ತು. ಹೊರಗಿನಿಂದ ನೋಡುವ ಶಿಕ್ಷಕರಿಗೆ ಇದು ಕಾಣಿಸುವುದು ಕಷ್ಟ, ಕೈ ಹಿಡಿದು ನರ್ತಿಸುವ ಶಿಕ್ಷಕರಿಗೆ ಎರಡನೆಯ ಸುತ್ತಿನಲ್ಲೇ ಗೊತ್ತಾಗುತ್ತದೆ. ಖಾಸಗಿ ಪಾಠದಲ್ಲಿ ನಾವು ಹಣ ಕೊಡುವುದು ಮುಖ್ಯವಾಗಿ ಆ ಕೈಗೆ ಎಂದು ನಾನು ಈಗ ನಂಬಿದ್ದೇನೆ.

ಬಾಲ್ಯದಲ್ಲಿ ಭರತನಾಟ್ಯ ಕಲಿತವರು ಇದನ್ನು ವಿಶೇಷವಾಗಿ ಗಮನಿಸಬೇಕು. ತಾಳಜ್ಞಾನ, ಕಾಲಿನ ಬಲ, ಅರಮಂಡಿಯಿಂದ ಬಂದ ಮಂಡಿಯ ಹಿಡಿತ, ಇವೆಲ್ಲವೂ ಲಿಂಡಿ ಹಾಪ್‌ನಲ್ಲಿ ನಿಜವಾಗಿಯೂ ನೆರವಾಗುತ್ತವೆ. ಆದರೆ ನೇರವಾಗಿ ಎತ್ತಿ ಹಿಡಿದ ಬೆನ್ನು ಮತ್ತು ಇಡೀ ಪಾದವನ್ನು ನೆಲಕ್ಕೆ ತಟ್ಟುವ ಅಭ್ಯಾಸ ಇಲ್ಲಿ ಅಡ್ಡಿಯಾಗುತ್ತವೆ. ಇಲ್ಲಿ ಸೊಂಟ ತುಸು ಹಿಂದಕ್ಕೆ ಇಳಿದು, ಎದೆ ಮುಂದಕ್ಕೆ ಬಾಗಿ, ಭಾರ ಪಾದದ ಮುಂಭಾಗಕ್ಕೆ ಬರಬೇಕು. ಅದಕ್ಕಿಂತ ಕಷ್ಟವಾದದ್ದು, ಸ್ವಿಂಗ್‌ಔಟ್‌ನ ಕೊನೆಯಲ್ಲಿ ಇಬ್ಬರ ನಡುವೆ ಬರುವ ಸ್ಟ್ರೆಚ್. ಬಾವಿಯ ಹಗ್ಗದ ಬಿಗಿಯಿಂದಲೇ ಕೊಡ ತುಂಬಿದೆಯೋ ಇಲ್ಲವೋ ಎಂದು ತಿಳಿಯುವಂತೆ, ಆ ಎಳೆತದಿಂದಲೇ ಎದುರಿನವರು ಯಾವ ಕಡೆಗೆ, ಎಷ್ಟು ವೇಗವಾಗಿ ಕರೆಯುತ್ತಿದ್ದಾರೆಂದು ತಿಳಿಯಬೇಕು. ನಾನು ಅದನ್ನು ತೋಳಿನಿಂದ ಹಿಡಿಯುತ್ತಿದ್ದುದರಿಂದ ರಾತ್ರಿಯಿಡೀ ನರ್ತಿಸಿದ ಮರುದಿನ ಬಲ ಭುಜ ನೋಯುತ್ತಿತ್ತು. ಬೆನ್ನಿನ ಸ್ನಾಯುಗಳಿಂದ ಹಿಡಿಯುವುದನ್ನು ಕಲಿಯಲು ತಿಂಗಳುಗಳೇ ಬೇಕಾದವು, ಆ ನೋವು ಮತ್ತೆ ಬಂದಿಲ್ಲ. ಬೇರೆ ಯಾವ ಲಾಭವೂ ಆಗದಿದ್ದರೂ ಇಷ್ಟಕ್ಕಾಗಿಯೇ ನಾನು ಈ ಪಾಠಗಳನ್ನು ಶಿಫಾರಸು ಮಾಡುತ್ತಿದ್ದೆ.

ಖರ್ಚು ಕಡಿಮೆಯೇನಲ್ಲ. ನಾನು ಕೊಡುವುದು ಗಂಟೆಗೆ 100 ಡಾಲರ್, ಸ್ಟುಡಿಯೋ ಬಾಡಿಗೆ ಬೇರೆ. ಅಷ್ಟು ಹಣದಲ್ಲಿ ನನಗೆ ಒಂದು ತಿಂಗಳ ಗುಂಪು ತರಗತಿ ಸಿಗುತ್ತದೆ. ಆರಂಭದಲ್ಲಿ ವಾರಕ್ಕೊಮ್ಮೆ ಹೋಗುತ್ತಿದ್ದೆ. ಒಂದು ಪಾಠದಲ್ಲಿ ಬಂದ ತಿದ್ದುಪಡಿ ದೇಹಕ್ಕೆ ಇಳಿಯಬೇಕಾದರೆ ನಡುವೆ ಪಾಠವಿಲ್ಲದೆ ಎಲ್ಲರೂ ಸೇರಿ ನರ್ತಿಸುವ ಹಲವಾರು ಸೋಶಿಯಲ್ ಡ್ಯಾನ್ಸ್ ರಾತ್ರಿಗಳು, ಬೇರೆ ಬೇರೆ ಎತ್ತರದ, ಬೇರೆ ಬೇರೆ ಅನುಭವದ ಜೊತೆಗಾರರು ಬೇಕೆಂದು ತಿಳಿದ ಮೇಲೆ ತಿಂಗಳಿಗೊಮ್ಮೆ ಮಾಡಿಕೊಂಡೆ. ಇದರಿಂದ ಪ್ರಗತಿ ಕುಂಠಿತವಾಗಲಿಲ್ಲ. ಪ್ರತಿ ಪಾಠಕ್ಕೂ ನಿಜವಾದ ಪ್ರಶ್ನೆಯೊಂದನ್ನು ಹೊತ್ತು ಹೋಗುವುದು ಸಾಧ್ಯವಾಯಿತು. ಕೊನೆಯ ಐದು ನಿಮಿಷವನ್ನು ಶಿಕ್ಷಕಿಯ ಅನುಮತಿಯಿಂದ ಫೋನಿನಲ್ಲಿ ಚಿತ್ರೀಕರಿಸಿಕೊಳ್ಳುತ್ತೇನೆ, ಅದು ತುಂಬಾ ಉಪಯುಕ್ತ.

ಎಲ್ಲ ಶಿಕ್ಷಕರೂ ಒಂದೇ ಅಲ್ಲ. ಈಗಿನ ಶಿಕ್ಷಕಿಗಿಂತ ಮೊದಲು ನಾನು ಪಾಠ ಹೇಳಿಸಿಕೊಂಡವರೊಬ್ಬರು ಪ್ರತಿ ಸಲ ಎರಡು ಮೂರು ಹೊಸ ಚಲನೆಗಳನ್ನು ತೋರಿಸಿ ಕಳುಹಿಸುತ್ತಿದ್ದರು. ಗಂಟೆ ತುಂಬಿದಂತೆ ಅನಿಸುತ್ತಿತ್ತು, ಆದರೆ ನೃತ್ಯದ ರಾತ್ರಿಯಲ್ಲಿ ಯಾವುದೂ ಉಳಿಯುತ್ತಿರಲಿಲ್ಲ. ಆದ್ದರಿಂದ ಶಿಕ್ಷಕರನ್ನು ಆರಿಸುವಾಗ ಅವರು ಗೆದ್ದ ಸ್ಪರ್ಧೆಗಳನ್ನು ನೋಡುವುದಕ್ಕಿಂತ, ಲೀಡ್ ಮತ್ತು ಫಾಲೋ ಎರಡನ್ನೂ ಚೆನ್ನಾಗಿ ಮಾಡಬಲ್ಲರೇ, ಸಾಮಾನ್ಯರೊಡನೆ ಸೋಶಿಯಲ್ ಡ್ಯಾನ್ಸ್‌ನಲ್ಲಿ ಸಂತೋಷದಿಂದ ನರ್ತಿಸುತ್ತಾರೆಯೇ ಎಂದು ನೋಡಿ. ಭಂಗಿ ತಿದ್ದಲು ಬೆನ್ನನ್ನೋ ಸೊಂಟವನ್ನೋ ಮುಟ್ಟುವ ಮೊದಲು ಕೇಳುವವರಾಗಿರಬೇಕು. ಒಂದೇ ಕೋಣೆಯಲ್ಲಿ ಇಬ್ಬರೇ ಇರುವ ಪಾಠದಲ್ಲಿ ಇದು ಶಿಷ್ಟಾಚಾರಕ್ಕಿಂತ ದೊಡ್ಡ ವಿಷಯ.

ಸವಾಯ್‌ನಲ್ಲಿ ಜನ ನರ್ತಿಸುತ್ತಲೇ ನೋಡಿ ಕಲಿತರು, ಖಾಸಗಿ ಪಾಠ ಈ ನೃತ್ಯದ ಗುಣಕ್ಕೇ ವಿರುದ್ಧ ಎಂಬ ವಾದವನ್ನು ನಾನು ಗೌರವದಿಂದಲೇ ಕೇಳಿದ್ದೇನೆ. ಆದರೆ ಈ ನೃತ್ಯ ಬಹುಮಟ್ಟಿಗೆ ಮರೆಯಾಗಿದ್ದ ಕಾಲದಲ್ಲಿ ಅದು ಮುಂದಿನ ಪೀಳಿಗೆಗೆ ದಾಟಿದ್ದು ಹೇಗೆಂದು ನೋಡಬೇಕು. ಸವಾಯ್‌ನ ಮಹಾನ್ ನರ್ತಕ ಫ್ರ್ಯಾಂಕಿ ಮ್ಯಾನಿಂಗ್ ದೀರ್ಘಕಾಲ ಅಂಚೆ ಇಲಾಖೆಯಲ್ಲಿ ದುಡಿಯುತ್ತಿದ್ದರು. 1986ರಲ್ಲಿ ಕ್ಯಾಲಿಫೋರ್ನಿಯಾದ ಇಬ್ಬರು ಯುವ ನರ್ತಕರು ಅವರನ್ನು ಹುಡುಕಿ ಬಂದು ಅವರಿಂದಲೇ ನೇರವಾಗಿ ಕಲಿತರು. ಆಮೇಲೆ ಮ್ಯಾನಿಂಗ್ 2009ರಲ್ಲಿ ತೀರಿಕೊಳ್ಳುವವರೆಗೂ ದೇಶದೇಶಗಳಲ್ಲಿ ಕಲಿಸಿದರು. ಬಲ್ಲವರೊಬ್ಬರ ಬಳಿಗೆ ಹೋಗಿ ಹತ್ತಿರದಿಂದ ಕಲಿಯುವುದು ಈ ಪರಂಪರೆಗೆ ಹೊರಗಿನದಲ್ಲ.

ಹೊಸದಾಗಿ ಕಲಿಯುವವರು ಮಾತ್ರ ಆತುರಪಡಬೇಕಾಗಿಲ್ಲ. ಆರು ಎಣಿಕೆ ಮತ್ತು ಎಂಟು ಎಣಿಕೆಯ ಮೂಲ ಹೆಜ್ಜೆಗಳು ಯೋಚಿಸದೆಯೇ ಬರುವವರೆಗೆ, ಅಪರಿಚಿತರನ್ನು ನೃತ್ಯಕ್ಕೆ ಕರೆಯುವ ಸಂಕೋಚ ಕಳೆಯುವವರೆಗೆ ಗುಂಪು ತರಗತಿಯೇ ಉತ್ತಮ. ಅಲ್ಲಿ ಸಿಗುವ ಗೆಳೆತನ ಖಾಸಗಿ ಪಾಠದಲ್ಲಿ ಸಿಗುವುದಿಲ್ಲ. ಸೋಶಿಯಲ್ ಡ್ಯಾನ್ಸ್‌ಗೆ ಹೋಗಲು ಸಮಯವಿಲ್ಲದವರಿಗೂ ನಾನು ಖಾಸಗಿ ಪಾಠವನ್ನು ಸೂಚಿಸುವುದಿಲ್ಲ. ಖರ್ಚೇ ಅಡ್ಡಿಯಾಗಿದ್ದರೆ, ಲೀಡ್ ಮಾಡುವ ಗೆಳೆಯರೊಬ್ಬರ ಜೊತೆ ಸೇರಿ ಒಂದು ಗಂಟೆಯನ್ನು ಹಂಚಿಕೊಳ್ಳಬಹುದೇ ಎಂದು ಶಿಕ್ಷಕರನ್ನು ಕೇಳಿ. ನನ್ನ ಶಿಕ್ಷಕಿ ಒಪ್ಪಿದ್ದಾರೆ. ಈ ವರ್ಷದ ಪಾಠಗಳೆಲ್ಲ ಹಾಗೆಯೇ ನಡೆಯುತ್ತಿವೆ, ನಾನು ಲೀಡ್ ಮಾಡುವುದನ್ನು ಕಲಿಯಲು ಆರಂಭಿಸಿದ್ದೂ ಅಲ್ಲಿಯೇ.