ಕಲಬುರಗಿ ಬಂಡಿಗಳ ಕರಿದ ಚಿಕನ್: ರುಚಿ ಬಿಡಿ, ಎಣ್ಣೆ ನೋಡಿ

ಕಲಬುರಗಿ ಸೂಪರ್ ಮಾರ್ಕೆಟ್ ಸುತ್ತಮುತ್ತ ಸಂಜೆ ನಿಲ್ಲುವ ಬಂಡಿಗಳಲ್ಲಿ ಸಿಗುವ ಹಿಟ್ಟು ಹಚ್ಚಿ ಕರಿದ ಚಿಕನ್‌ನ ರುಚಿಗೆ ಹೆಸರಿಡುವಂತಿಲ್ಲ. ಖಾರ, ಬಳ್ಳೊಳ್ಳಿ ಎರಡಕ್ಕೂ ಕೈ ಹಿಡಿಯುವುದಿಲ್ಲ. ಲೆಕ್ಕ ತಪ್ಪುವುದು ಕಡಾಯಿಯಲ್ಲಿ.

ಮೊದಲು ತುಂಡಿನ ಮಾತು. ಅಮೆರಿಕದ ಕೃಷಿ ಇಲಾಖೆಯ ಕೋಷ್ಟಕದಂತೆ, ಚರ್ಮ ಸಮೇತ ಹಿಟ್ಟಿನಲ್ಲಿ ಅದ್ದಿ ಕರಿದ 100 ಗ್ರಾಂ ಎದೆ ಮಾಂಸದಲ್ಲಿ ಸುಮಾರು 260 ಕ್ಯಾಲರಿ, ತೊಡೆಯಲ್ಲಿ 277, ರೆಕ್ಕೆಯಲ್ಲಿ 324. ಎದೆಯಲ್ಲಿ ಪ್ರೋಟೀನ್ 25 ಗ್ರಾಂ, ಕೊಬ್ಬು 13. ರೆಕ್ಕೆಯಲ್ಲಿ ಪ್ರೋಟೀನ್ 20ಕ್ಕೆ ಇಳಿದು ಕೊಬ್ಬು 22ಕ್ಕೆ ಏರುತ್ತದೆ. ಕಾರಣ ಸರಳ: ರೆಕ್ಕೆಯಲ್ಲಿ ಚರ್ಮ ಜಾಸ್ತಿ, ಮಾಂಸ ಕಮ್ಮಿ. ಅದೇ ಕರಿದ ಎದೆಯ ಚರ್ಮ, ಹಿಟ್ಟು ತೆಗೆದು ಬರೀ ಮಾಂಸ ತಿಂದರೆ 100 ಗ್ರಾಂಗೆ 187 ಕ್ಯಾಲರಿ, ಕೊಬ್ಬು 5 ಗ್ರಾಂ ಒಳಗೇ. ಹಾಗೆ ಸುಲಿದು ತಿನ್ನಲು ಬಂಡಿಗೆ ಯಾರು ಹೋಗುತ್ತಾರೆ! ಸ್ಕಿನ್‌ಲೆಸ್ ತುಂಡು ಕೇಳಿ, ಅರ್ಧ ಕೆಲಸ ಆದಂತೆ.

ಇನ್ನು ಎಣ್ಣೆ. 170ರಿಂದ 180 ಡಿಗ್ರಿ ಕಾದಿದ್ದರೆ ತುಂಡು ಬಿದ್ದ ಕೂಡಲೇ ಸುತ್ತಲೂ ಗುಳ್ಳೆ ಜೋರಾಗಿ ಏಳುತ್ತದೆ. ಒಳಗಿನ ನೀರು ಆವಿಯಾಗಿ ಹೊರನುಗ್ಗುವಷ್ಟು ಹೊತ್ತು ಎಣ್ಣೆ ಒಳಗೆ ಹೆಚ್ಚು ಇಳಿಯುವುದಿಲ್ಲ. ಗಿರಾಕಿ ಹೆಚ್ಚಾದಾಗ ಒಂದೇ ಸಲ ಕಡಾಯಿ ತುಂಬ ಸುರಿದರೆ ಕಾವು ಕುಸಿದು, ಹಿಟ್ಟು ಗಟ್ಟಿಯಾಗುವುದು ತಡವಾಗಿ, ತುಂಡು ಜಿಡ್ಡಾಗುತ್ತದೆ. ಅರ್ಧ ಕರಿದು ಗುಡ್ಡೆ ಹಾಕಿಟ್ಟು, ಕೇಳಿದಾಗ ಮತ್ತೆ ಮುಳುಗಿಸುವ ಬಂಡಿಯಲ್ಲಿ ತುಂಡನ್ನು ಮುರಿದು ಎಲುಬಿನ ಹತ್ತಿರ ನೋಡಿ. ಮಾಂಸ ಹಸಿಯಾಗಿ ಜಾರುತ್ತಿದ್ದರೆ ವಾಪಸ್ ಕೊಡಿ. ಒಳಗೆ 74 ಡಿಗ್ರಿ ಮುಟ್ಟಲೇಬೇಕು. ಎಣ್ಣೆ ಕಪ್ಪಾಗಿ, ನೊರೆ ಇಳಿಯದೆ ನಿಂತು, ಬೇಗ ಹೊಗೆ ಬಿಡುತ್ತಿದ್ದರೆ ಮುಂದಿನ ಬಂಡಿಗೆ ನಡೆಯಿರಿ. ಕರಿದ ಎಣ್ಣೆಯಲ್ಲಿ ಪೋಲಾರ್ ಸಂಯುಕ್ತಗಳು (ಎಣ್ಣೆ ಮತ್ತೆ ಮತ್ತೆ ಕಾದು ಕೆಟ್ಟಾಗ ಹುಟ್ಟುವ ಪದಾರ್ಥಗಳು) ಶೇ 25 ದಾಟಬಾರದೆಂಬ ನಿಯಮ 2018ರಿಂದಲೇ ಇದೆ, ಆದರೆ ಬಂಡಿ ಮುಂದೆ ಅದನ್ನು ಅಳೆಯುವವರಾರು? ಕಣ್ಣು, ಮೂಗೇ ಗತಿ.

ಕೆಂಪಗೆ ಹೊಳೆಯುವ ತುಂಡು ಬೇಡ. ಕಬಾಬ್‌ಗೆ ಕೃತಕ ಬಣ್ಣ ಹಾಕುವುದನ್ನು ರಾಜ್ಯ ಸರ್ಕಾರ 2024ರ ಜೂನ್‌ನಲ್ಲಿ ನಿಷೇಧಿಸಿದೆ. ಬ್ಯಾಡಗಿ ಮೆಣಸಿನಕಾಯಿ ಪುಡಿಯ ಕೆಂಪು ಕರಿದ ಮೇಲೆ ಕಂದಾಗುತ್ತದೆ, ಕಿತ್ತಳೆಯಂತೆ ಮಿನುಗುವುದಿಲ್ಲ.

ಮಯೊನೀಸ್ ಒಂದು ದೊಡ್ಡ ಚಮಚಕ್ಕೇ 90 ಕ್ಯಾಲರಿ ಮೇಲೆ. ಉಳ್ಳಾಗಡ್ಡಿ, ನಿಂಬೆ ಸಾಕು. "ಕಡಕ್ ಮಾಡ್ರಿ, ನ್ಯೂಸ್‌ಪೇಪರ್ ಬ್ಯಾಡ್ರಿ" ಅಂತ ಮೊದಲೇ ಹೇಳಿಬಿಡಿ. ಬಿಸಿ ಎಣ್ಣೆಗೆ ಶಾಯಿ ಬಿಡುತ್ತದೆ. ಪಾರ್ಸಲ್ ಆದರೆ ಡಬ್ಬಿ ಮುಚ್ಚಳ ಸ್ವಲ್ಪ ತೆರೆದಿರಲಿ, ಇಲ್ಲವಾದರೆ ಮನೆ ಮುಟ್ಟುವಷ್ಟರಲ್ಲಿ ಹಿಟ್ಟು ಮೆತ್ತಗಾಗುತ್ತದೆ.