ಕುದುರೆ ಗಾಡಿಯ ನಡಿಗೆಯಲ್ಲಿ ಹುಟ್ಟಿದ ಹಾಡುಗಳು

ಇಂಗ್ಲೆಂಡಿನ ಗಾಯಕಿ ವಾಷ್ಟಿ ಬುನ್ಯನ್ ಅವರ 'ಜಸ್ಟ್ ಅನದರ್ ಡೈಮಂಡ್ ಡೇ' ಆಲ್ಬಂ ಮೊದಲ ಸಲ ಫೋನಿನ ಸ್ಪೀಕರ್‌ನಲ್ಲಿ ಕೇಳಿದ್ದೆ. ಏನೂ ಅನ್ನಿಸಲಿಲ್ಲ. ದನಿ ಅಷ್ಟು ಮೆತ್ತಗೆ, ಪಕ್ಕದಲ್ಲಿ ಮಗು ಮಲಗಿರುವಾಗ ಹಾಡಿಕೊಳ್ಳುವ ಹಾಗೆ. ಇನ್ನೊಂದು ದಿನ ರಾತ್ರಿ ಹೆಡ್‌ಫೋನ್ ಹಾಕಿಕೊಂಡು ಕೂತೆ, ಆಮೇಲೆ ಒಂದು ವಾರ ಬೇರೆ ಏನನ್ನೂ ಕೇಳೋಕೆ ಮನಸ್ಸೇ ಬರಲಿಲ್ಲ.

ಪಾಪ್ ಗಾಯಕಿಯಾಗಿ ಹೆಸರು ಮಾಡುವ ಪ್ರಯತ್ನ ಕೈಹಿಡಿಯದೆ ಹೋದ ಮೇಲೆ, 1968ರಲ್ಲಿ ವಾಷ್ಟಿ ಗೆಳೆಯನ ಜೊತೆ ಕುದುರೆ ಗಾಡಿ ಕಟ್ಟಿಕೊಂಡು ಸ್ಕಾಟ್ಲೆಂಡಿನ ದ್ವೀಪಗಳ ಕಡೆ ಹೊರಟರು. ವರ್ಷಕ್ಕೂ ಜಾಸ್ತಿ ಹಿಡಿದ ದಾರಿ ಅದು. ಹಾಡುಗಳು ಹುಟ್ಟಿದ್ದು ಆ ದಾರಿಯಲ್ಲೇ. ಈ ಕಥೆ ಗೊತ್ತಿಲ್ಲದಿದ್ದರೂ ಪರವಾಗಿಲ್ಲ, ಯಾಕಂದ್ರೆ ಹಾಡಿನ ನಡಿಗೆಯಲ್ಲೇ ಅದು ಕೇಳಿಸುತ್ತದೆ. ಎಲ್ಲೂ ಅವಸರ ಇಲ್ಲ. ಕುದುರೆಯ ಹೆಸರು ಬೆಸ್, ಅದಕ್ಕೇ ಅಂತ 'ಜಾಗ್ ಅಲಾಂಗ್ ಬೆಸ್' ಹಾಡೂ ಇದೆ. ಅದರಲ್ಲಿ ಗಿಟಾರ್ ಗೊರಸಿನ ಸಪ್ಪಳದ ಹಾಗೆ ಒಂದೇ ಸಮನೆ ಸಾಗುತ್ತದೆ, ಕೇಳ್ತಾ ಕೇಳ್ತಾ ನನ್ನ ತಲೆಯೂ ಅದೇ ಲಯಕ್ಕೆ ಆಡುತ್ತಿತ್ತು.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಮೊದಲನೇ ಹಾಡು. ಎರಡು ನಿಮಿಷವೂ ಇಲ್ಲ. ಒಂದು ಹುಲ್ಲಿನ ಎಸಳು, ಉಳಬೇಕಾದ ಹೊಲ, ಬಿತ್ತುವ ಬೀಜ, ಕಣ್ಣಿಗೆ ಬಿದ್ದದ್ದನ್ನು ಸುಮ್ನೆ ಹೇಳುತ್ತಾ ಹೋಗುತ್ತಾರೆ ಅಷ್ಟೇ. ಹಿಂದೆ ರೆಕಾರ್ಡರ್ ಅನ್ನೋ ಕೊಳಲಿನಂಥ ವಾದ್ಯದ ದನಿ. ಸಂಜೆ ಎಷ್ಟೇ ಸುಸ್ತಾಗಿ ಬಂದಿದ್ದರೂ ಈ ಹಾಡಿಗೆ ಮನಸ್ಸು ತಿಳಿಯಾಗುತ್ತದೆ.

ಒಟ್ಟು 14 ಹಾಡು, ಎಲ್ಲವೂ ಒಂದೇ ತೂಕದವಲ್ಲ. 'ಲಿಲಿ ಪಾಂಡ್' ನನಗೆ ತೀರಾ ಶಿಶುಗೀತೆ ಅನ್ನಿಸಿತು, ಈಗಲೂ ಅದನ್ನು ದಾಟಿಸಿಬಿಡುತ್ತೇನೆ.

1970ರಲ್ಲಿ ಬಂದಾಗ ಇದನ್ನು ಕೊಂಡವರು ಬಹಳ ಕಡಿಮೆ. ವಾಷ್ಟಿ ಹಾಡುವುದನ್ನೇ ಬಿಟ್ಟು ಮಕ್ಕಳನ್ನು ಬೆಳೆಸಿದರು. 2000ದಲ್ಲಿ ಸಿಡಿಯಾಗಿ ಮತ್ತೆ ಹೊರಬಂದ ಮೇಲೇ ಜನ ಹುಡುಕಿ ಹುಡುಕಿ ಕೇಳಿದ್ದು. ಇಂಥ ಹಾಡುಗಳಿಗೆ 30 ವರ್ಷ ಕಿವಿ ಸಿಗಲಿಲ್ಲ ಅಂದ್ರೆ ಹೊಟ್ಟೆ ಉರಿಯುತ್ತೆ, ಅಲ್ವಾ?

ಒಂದೊಂದೇ ಹಾಡು ಆರಿಸಿ ಕೇಳಬೇಡಿ. ಅರ್ಧ ಗಂಟೆ ಬಿಡುವು ಮಾಡಿಕೊಂಡು ಮೊದಲಿಂದ ಕೊನೆವರೆಗೆ ಒಂದೇ ಸಲ ಕೇಳಿ. ಎರಡನೇ ಆಲ್ಬಂ 'ಲುಕ್‌ಆಫ್ಟರಿಂಗ್' ಬಂದದ್ದು 2005ರಲ್ಲಿ, ಅದನ್ನು ಅದೇ ದಿನ ಹಾಕಬೇಡಿ. ಒಂದೆರಡು ದಿನ ಬಿಟ್ಟು ಕೇಳಿದರೆ, ನಡುವೆ 35 ವರ್ಷ ಕಳೆದರೂ ಆ ದನಿ ಇನ್ನೂ ಅಷ್ಟೇ ಮೆತ್ತಗಿರುವುದು ಗೊತ್ತಾಗುತ್ತದೆ.