ಮಹಾರಾ ಇ-ಪೋರ್ಟ್‌ಫೋಲಿಯೊ: ಟರ್ಮ್‌ಗಟ್ಟಲೆ ಬಳಸಿದ ಮೇಲೆ

ರೇಟಿಂಗ್: 5ಕ್ಕೆ 3.5

ಫೈಲು ತುಂಬಿಡುವುದಷ್ಟೇ ಉದ್ದೇಶವಾದರೆ ಮಹಾರಾ ಬೇಡ, ಅದಕ್ಕೆ ಗೂಗಲ್ ಡ್ರೈವ್ ಸಾಕು. ಇದು ಇ-ಪೋರ್ಟ್‌ಫೋಲಿಯೊ, ಅಂದರೆ ಮಾಡಿದ ಕೆಲಸವನ್ನೂ ಅದರ ಬಗೆಗಿನ ಬರಹವನ್ನೂ ಜೋಡಿಸಿ ತೋರಿಸುವ ಆನ್‌ಲೈನ್ ಕಡತ, ಕಟ್ಟುವ ಸಾಧನ. ನ್ಯೂಜಿಲೆಂಡ್‌ನಲ್ಲಿ 2006ರಲ್ಲಿ ಶುರುವಾದ ಈ ಮುಕ್ತ ತಂತ್ರಾಂಶದ ಹೆಸರಿಗೆ ಮಾವೊರಿ ಭಾಷೆಯಲ್ಲಿ ‘ಯೋಚನೆ’ ಎಂದೇ ಅರ್ಥ. ಶಿಕ್ಷಕರಾಗಲಿ ವಿದ್ಯಾರ್ಥಿಗಳಾಗಲಿ, ಮಾಡಿದ ಕೆಲಸವನ್ನು ಮತ್ತೆ ನೋಡಿ ಅದರ ಬಗ್ಗೆ ಬರೆಯುವವರಿಗೆ ಮಾತ್ರ ಇದು ಹೇಳಿ ಮಾಡಿಸಿದ್ದು.

ಬಹಳ ಮಂದಿ ಎಡವುವುದು ಕ್ರಮದಲ್ಲಿ. ಲಾಗಿನ್ ಆದ ಕೂಡಲೇ ಹೊಸ ಪುಟ ತೆರೆದು ಬ್ಲಾಕ್‌ಗಳನ್ನು (ಬರಹ, ಚಿತ್ರ ಇಡುವ ಚೌಕಗಳನ್ನು) ಅತ್ತಿತ್ತ ಎಳೆಯುತ್ತ ಕೂರುತ್ತಾರೆ; ಟರ್ಮ್ ಮುಗಿಯುವ ವಾರ ಪ್ರಮಾಣಪತ್ರ, ಫೋಟೊ ಎಲ್ಲವನ್ನೂ ಅದರೊಳಗೆ ಸುರಿಯುತ್ತಾರೆ. ಆಗಬೇಕಾದ್ದು ಇದರ ತಿರುಗುಮುರುಗು: ಮೊದಲು ಜರ್ನಲ್, ಅಂದರೆ ದಿನಚರಿಯಂಥ ಬರಹ; ಕೊನೆಗೆ ಪುಟ. ವಾರಕ್ಕೊಂದು ನಮೂದು, ಐದಾರು ಸಾಲು. ಏನು ಮಾಡಿದೆ, ಎಲ್ಲಿ ಕೈಕೊಟ್ಟಿತು, ಮುಂದಿನ ಸಲ ಏನು ಬದಲಿಸುತ್ತೇನೆ, ಇಷ್ಟೇ. ಪ್ರತಿ ನಮೂದಿಗೂ ‘ಭಿನ್ನರಾಶಿ’, ‘ಗುಂಪು ಚರ್ಚೆ’ ಎಂಬಂಥ ಒಂದು ಟ್ಯಾಗ್. ಟ್ಯಾಗ್ ಆಧಾರದ ಮೇಲೆ ಜರ್ನಲ್ ನಮೂದುಗಳನ್ನು ಪುಟಕ್ಕೆ ತರುವ ಬ್ಲಾಕ್ ಇದೆ. ಟ್ಯಾಗ್ ಶಿಸ್ತಾಗಿದ್ದರೆ ಟರ್ಮ್ ಕೊನೆಯಲ್ಲಿ ಅರ್ಧ ಕೆಲಸ ಅದೇ ಮುಗಿಸಿಕೊಡುತ್ತದೆ. ಒಂದೇ ವಿಷಯಕ್ಕೆ ಮೂರು ಬಗೆಯ ಕಾಗುಣಿತದಲ್ಲಿ ಟ್ಯಾಗ್ ಹಾಕಿದರೆ ಆ ಬ್ಲಾಕ್ ಇದ್ದೂ ಇಲ್ಲದಂತೆ.

ಸಂಸ್ಥೆ ಕೇಳುವ ಒಂದೊಂದು ಮಾನದಂಡವನ್ನು ಮುಟ್ಟಿದ್ದೇವೆಂದು ತೋರಿಸಲು ಎರಡು ಮೂರು ಪುರಾವೆ ಸಾಕು. ಪಾಠಯೋಜನೆಯ ಮೊದಲ ಕರಡನ್ನೂ ತಿದ್ದಿದ ಕರಡನ್ನೂ ಅಕ್ಕಪಕ್ಕ ಇಟ್ಟು, ಏನು ಬದಲಾಯಿತು, ಏಕೆ ಎಂದು 150 ಪದ ಬರೆಯಿರಿ. ಹತ್ತು ಕಾರ್ಯಾಗಾರಗಳ ಪ್ರಮಾಣಪತ್ರಕ್ಕೆ ಆ ತೂಕವಿಲ್ಲ.

ಈ ತಂತ್ರಾಂಶದ ನಿಜವಾದ ಶಕ್ತಿ ಸ್ಮಾರ್ಟ್‌ಎವಿಡೆನ್ಸ್. ಸಂಸ್ಥೆಯ ಮಾನದಂಡಗಳ ಚೌಕಟ್ಟನ್ನು ಅಡ್ಮಿನ್ ಒಳಗೆ ಸೇರಿಸಿದ ಮೇಲೆ, ಅದನ್ನು ಕಲೆಕ್ಷನ್‌ಗೆ, ಅಂದರೆ ಪುಟಗಳ ಗುಚ್ಛಕ್ಕೆ, ಜೋಡಿಸಬೇಕು. ಯಾವ ಪುಟದಲ್ಲಿ ಯಾವ ಮಾನದಂಡಕ್ಕೆ ಪುರಾವೆ ಇದೆ ಎಂಬುದು ಒಂದೇ ಕೋಷ್ಟಕದಲ್ಲಿ ಕಾಣುತ್ತದೆ. ಬಿಡಿ ಪುಟಕ್ಕೆ ಇದು ಸಿಗದು, ಹಾಗಾಗಿ ಮೊದಲೇ ಕಲೆಕ್ಷನ್ ಮಾಡಿಕೊಳ್ಳಿ. ಇನ್ನೊಂದು ಎಚ್ಚರ: ಯಾರಾದರೂ ಬಳಸತೊಡಗಿದ ಚೌಕಟ್ಟನ್ನು ಅಳಿಸಲು ಬಿಡುವುದಿಲ್ಲ. 40 ಮಾನದಂಡ ತುರುಕಿ ಆಮೇಲೆ ಪಶ್ಚಾತ್ತಾಪ ಪಡುವುದಕ್ಕಿಂತ, ನಾಲ್ಕೈದು ಜನರ ಮೇಲೆ ಪ್ರಯೋಗಿಸಿ ನೋಡುವುದು ಲೇಸು.

ಮೌಲ್ಯಮಾಪನಕ್ಕೆ ಗುಂಪಿಗೆ ಸಲ್ಲಿಸಿದ ಪುಟ ಲಾಕ್ ಆಗುತ್ತದೆ. ಪರಿಶೀಲಿಸುವವರು ಬಿಡುಗಡೆ ಮಾಡುವವರೆಗೆ ತಿದ್ದಲಾಗದು. ನ್ಯಾಯವಾದ ಏರ್ಪಾಡೇ. ಆದರೆ ಅಂಕ ಕೊಟ್ಟು ಬಿಡುಗಡೆ ಮರೆಯುವವರು ಕಡಿಮೆಯಿಲ್ಲ, ‘ಎಡಿಟ್ ಆಗುತ್ತಿಲ್ಲ’ ಎಂಬ ದೂರುಗಳ ಹಿಂದೆ ಅನೇಕ ಸಲ ಇರುವುದು ಇದೇ.

ಜಾಗದ ವಿಷಯದಲ್ಲಿ ಕೈ ಬಿಗಿ. ಅಡ್ಮಿನ್ ಬದಲಿಸದಿದ್ದರೆ ಒಬ್ಬ ಬಳಕೆದಾರರಿಗೆ 50 ಎಂಬಿ ಮಾತ್ರ. ಫೋನಿನಲ್ಲಿ ತೆಗೆದ 1080ಪಿ ವಿಡಿಯೊ ಒಂದು ನಿಮಿಷಕ್ಕೇ ಅದನ್ನು ದಾಟಬಹುದು. ತರಗತಿಯ ವಿಡಿಯೊ ಎರಡು ಮೂರು ನಿಮಿಷಕ್ಕೆ ಕತ್ತರಿಸಿ, ಬೇರೆಡೆ ಇಟ್ಟು ಪುಟದೊಳಗೇ ಕಾಣುವಂತೆ ಎಂಬೆಡ್ ಮಾಡಿ. ವಿಡಿಯೊ ಇಟ್ಟ ಕಡೆ ಅದನ್ನು ನೋಡುವ ಅನುಮತಿಯನ್ನು ಪ್ರತ್ಯೇಕವಾಗಿ ಕೊಡಬೇಕು. ಇಲ್ಲವಾದರೆ ಪುಟ ತೆರೆದವರಿಗೆ ಖಾಲಿ ಚೌಕ ಕಾಣುತ್ತದೆ. ಮಕ್ಕಳ ಮುಖವಿದ್ದರೆ ಪೋಷಕರ ಒಪ್ಪಿಗೆ ಮೊದಲು.

ಹೊಸ ಪುಟ ಸಾಮಾನ್ಯವಾಗಿ ಮಾಡಿದವರಿಗೆ ಮಾತ್ರ ಕಾಣುವುದು ಮೆಚ್ಚುವ ಗುಣ. ಸೋತ ಪಾಠದ ಬಗ್ಗೆ ಅಳುಕಿಲ್ಲದೆ ಬರೆಯಬಹುದು. ಹೊರಗಿನವರಿಗೆ ತೋರಿಸಲು ರಹಸ್ಯ ಕೊಂಡಿ ಇದೆ, ಹೆಸರಷ್ಟೇ ರಹಸ್ಯ: ಕೊಂಡಿ ಸಿಕ್ಕಿದವರೆಲ್ಲ ಲಾಗಿನ್ ಇಲ್ಲದೆಯೇ ನೋಡಬಹುದು. ಕೊನೆಯ ದಿನಾಂಕ ಹಾಕದೆ ಯಾರಿಗೂ ಕಳಿಸಬೇಡಿ.

ಸ್ವಂತ ಸರ್ವರ್‌ನಲ್ಲಿ ನಡೆಸುವವರು ಕ್ರಾನ್ (ನಿಗದಿತ ಕೆಲಸಗಳನ್ನು ತಾನಾಗಿ ಮಾಡಿಸುವ ವ್ಯವಸ್ಥೆ) ಪ್ರತಿ ನಿಮಿಷ ಓಡುತ್ತಿದೆಯೇ ನೋಡಿಕೊಳ್ಳಿ. ಅದು ನಿಂತರೆ ಸೂಚನೆಯ ಇಮೇಲ್‌ಗಳು ಸದ್ದಿಲ್ಲದೆ ನಿಲ್ಲುತ್ತವೆ.

ಓದು ಅಥವಾ ಕೆಲಸ ಮುಗಿಸಿ ಸಂಸ್ಥೆ ಬಿಡುವವರು ಖಾತೆ ಮುಚ್ಚುವ ಮುನ್ನ ಎಚ್‌ಟಿಎಂಎಲ್ (ವೆಬ್ ಪುಟದ ರೂಪ), ಲೀಪ್2ಎ (ಪೋರ್ಟ್‌ಫೋಲಿಯೊ ಸಾಗಿಸುವ ರೂಪ) ಎರಡೂ ರೂಪದಲ್ಲಿ ಎಕ್ಸ್‌ಪೋರ್ಟ್ ಮಾಡಿಕೊಳ್ಳಬೇಕು. ಮೊದಲನೆಯದನ್ನು ಯಾವ ಬ್ರೌಸರ್‌ನಲ್ಲಾದರೂ ಓದಬಹುದು, ತಿದ್ದಲಾಗದು. ಇನ್ನೊಂದು ಮಹಾರಾಕ್ಕೆ ಸೇರಿಸಿಕೊಂಡು ಮುಂದುವರಿಸಲು ಎರಡನೆಯದೇ ಬೇಕು.